ಮಳೆಗಾಲದ ಆಡಿಟ್‌ಗೆ ಒಂದು ಲ್ಯಾಪ್‌ಟಾಪ್: ಶಿರಸಿಯ ಒಂದು ಪ್ರಕರಣ

ಶಿರಸಿಯ ಸುತ್ತಮುತ್ತ ಸಣ್ಣ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಹೊಸದು ಕೊಳ್ಳುವ ಮೊದಲು ಜನ ಬಂದು ಕೇಳುತ್ತಾರೆ, ನಾನು ನೋಡಿ ಹೇಳುತ್ತೇನೆ. 2025ರ ಬೇಸಿಗೆಯಲ್ಲಿ ಒಬ್ಬ ಲೆಕ್ಕಪರಿಶೋಧಕರು ಹೀಗೇ ಕೇಳಿದರು. ಹೆಸರು ಬೇಡ, ಮೇಡಂ ಎಂದೇ ಇರಲಿ. ಅವರಿಗೆ ಲ್ಯಾಪ್‌ಟಾಪ್ ಆರಿಸಿದ್ದು ಹೇಗೆ, ಯಾವುದನ್ನು ಯಾಕೆ ಬಿಟ್ಟೆವು, ಮಳೆಗಾಲದಲ್ಲಿ ಅದು ಹೇಗೆ ನಡೆಯಿತು ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ. ಇಂಥದೇ ಓಡಾಟದ ಕೆಲಸ ಮಾಡುವವರು ನಮ್ಮ ಕಡೆ ಬಹಳ ಜನ ಇದ್ದಾರೆ.

ಕೆಲಸ ಎಂಥದ್ದು

ಮೇಡಂ ಸಹಕಾರ ಸಂಘಗಳ ಆಡಿಟ್ ಮಾಡುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ ತಾಲ್ಲೂಕುಗಳ ಹಳ್ಳಿಗಳಿಗೆ ಹೋಗುತ್ತಾರೆ. ಸಂಘಗಳ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ವಾರ್ಷಿಕ ಮಹಾಸಭೆಗಳು ನಡೆಯುವುದು ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಮೊದಲೇ ವರದಿ ಸಿದ್ಧವಾಗಬೇಕು. ಹಾಗಾಗಿ ಅವರ ಓಡಾಟ ಜಾಸ್ತಿ ಇರುವುದು ಜೂನ್‌ನಿಂದ ಆಗಸ್ಟ್‌ವರೆಗೆ. ನಮ್ಮಲ್ಲಿ ಮಳೆ ಹೊಡೆಯುವುದೂ ಆಗಲೇ.

ಬಸ್ಸಿನಲ್ಲಿ ಹೋಗುತ್ತಾರೆ. ಬಸ್ಸಿಳಿದ ಮೇಲೆ ಎಷ್ಟೋ ಸಲ ಸಂಘದ ಸೆಕ್ರೆಟರಿ ಬೈಕ್ ತರುತ್ತಾರೆ, ಉಳಿದ ದಾರಿ ಅದರ ಮೇಲೆ. ಲೈನಿನ ಮೇಲೆ ಮರ ಬಿದ್ದರೆ ಅರ್ಧ ದಿನ ಕರೆಂಟ್ ಇರುವುದಿಲ್ಲ. ಕಚೇರಿಯ ಜಗಲಿಯಲ್ಲೇ ಮೇಜು ಹಾಕಿ ಕೂರುವುದೂ ಉಂಟು, ಒಳಗೆ ಬೆಳಕು ಸಾಲದು ಎಂದು. ವರ್ಷಕ್ಕೆ ಒಂದೆರಡು ಸಲ ಹುಬ್ಬಳ್ಳಿಯಿಂದ ವಿಮಾನ ಹತ್ತುತ್ತಾರೆ.

ಹಳೆಯ ಲ್ಯಾಪ್‌ಟಾಪ್ ಮನೆಬಳಕೆಯ ಸಾಲಿನದು, ಇಂಟೆಲ್ 7ನೇ ತಲೆಮಾರಿನ ಪ್ರೊಸೆಸರ್. ಅದು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ಬದಲಿಸಲು ಅದೊಂದು ಕಾರಣ. ನಿಜವಾದ ಕಾರಣ ಬೇರೆ. ಆ ಲ್ಯಾಪ್‌ಟಾಪ್ ಹಿಂದಿನ ವರ್ಷಗಳಲ್ಲಿ ಆಡಿಟ್‌ನ ನಡುವೆಯೇ ಮಲಗಿತ್ತು, ಅದೂ ಒಂದಕ್ಕಿಂತ ಹೆಚ್ಚು ಸಲ. ಒಮ್ಮೆ ಬಸ್ಸಿನ ಕುಲುಕಾಟಕ್ಕೆ ಹಾರ್ಡ್ ಡಿಸ್ಕ್ ಹೋಯಿತು. ಒಮ್ಮೆ ಚಾರ್ಜಿಂಗ್ ಪಿನ್ ಸಡಿಲವಾಯಿತು. ಕೊನೆಗೆ ಎಡಗಡೆಯ ಹಿಂಜ್, ಅಂದರೆ ಸ್ಕ್ರೀನ್ ಮಡಚುವ ಕೀಲು, ಕಿತ್ತು ಬಂತು. ರಿಪೇರಿಗೆ ಹುಬ್ಬಳ್ಳಿಗೆ ಕಳಿಸಿದರೆ ಬಿಡಿಭಾಗ ಬರಬೇಕು ಎಂಬ ಉತ್ತರ. ಎರಡು ವಾರ ಹಾಗೇ ಹೋಯಿತು.

ನಾನು ಮೊದಲು ಕೇಳಿದ್ದು ಎಂಥದ್ದು ಬೇಕು ಎಂದು. ಅವರು ಹೇಳಿದ ಮಾತು ನನಗೆ ಇಡೀ ಹುಡುಕಾಟಕ್ಕೆ ದಾರಿ ತೋರಿಸಿತು. "ಹಾಳಾಗದೇ ಇರೋ ಲ್ಯಾಪ್‌ಟಾಪ್ ಇಲ್ಲ ಅಂತ ನಂಗೊತ್ತು. ಹಾಳಾದ್ರೆ ಎಷ್ಟು ದಿನ ನಾನು ಕೈಕಟ್ಟಿ ಕೂರಬೇಕು, ಅದನ್ನ ಹೇಳಿ."

ಗಟ್ಟಿ ಲ್ಯಾಪ್‌ಟಾಪ್ ಎಂದರೆ ಬಹಳ ಜನ ಬೀಳಿಸಿದರೂ ಒಡೆಯದ್ದು ಎಂದುಕೊಳ್ಳುತ್ತಾರೆ. ಊರೂರು ತಿರುಗುವವರಿಗೆ ಗಟ್ಟಿತನದ ಅಳತೆ ಕೆಟ್ಟ ಮೇಲೆ ಎಷ್ಟು ಬೇಗ ಮತ್ತೆ ಕೆಲಸಕ್ಕೆ ಕೂರಬಹುದು ಎಂಬುದು. ನಾವು ಎಲ್ಲವನ್ನೂ ಇದೇ ಕಣ್ಣಿನಿಂದ ನೋಡಿದೆವು.

ಮಿಲಿಟರಿ ದರ್ಜೆ ಎಂಬ ಮುದ್ರೆ

ಅಂಗಡಿಯಲ್ಲಿ ಮೊದಲು ಕೇಳಿಬಂದದ್ದು ಇದು: "ಮಿಲಿಟರಿ ಗ್ರೇಡ್ ಇದೆ ಮೇಡಂ, ಏನೂ ಆಗಲ್ಲ." ಈ ಮಾತಿನ ಹಿಂದೆ ಏನಿದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹಣ ಜಾಸ್ತಿ ಹೋಗುವುದೇ ಇಲ್ಲಿ.

ಮಿಲ್-ಎಸ್‌ಟಿಡಿ-810 ಎಂಬುದು ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ವಿಧಾನಗಳ ದಾಖಲೆ. 1962ರಲ್ಲಿ ಮೊದಲು ಬಂತು. 2019ರಲ್ಲಿ ಬಂದ 810ಎಚ್ ಆವೃತ್ತಿ ಸಾವಿರಕ್ಕೂ ಹೆಚ್ಚು ಪುಟ ಇದೆ. ಬಿಸಿ, ಚಳಿ, ತೇವ, ಧೂಳು, ಕಂಪನ, ಬೀಳುವಿಕೆ, ಎತ್ತರದ ಗಾಳಿಯೊತ್ತಡ ಹೀಗೆ ಒಂದೊಂದಕ್ಕೂ ಒಂದೊಂದು ವಿಧಾನ ಅದರಲ್ಲಿದೆ. ಆದರೆ ಇದನ್ನು ಪಾಸು ಮಾಡಿದೆ ಎಂದು ಪ್ರಮಾಣಪತ್ರ ಕೊಡುವ ಸರ್ಕಾರಿ ಸಂಸ್ಥೆ ಯಾವುದೂ ಇಲ್ಲ. ಯಾವ ಪರೀಕ್ಷೆ ಮಾಡಬೇಕು, ಎಷ್ಟು ಕಠಿಣವಾಗಿ ಮಾಡಬೇಕು ಎಂಬುದನ್ನು ತಯಾರಕರೇ ಆರಿಸಿಕೊಳ್ಳಬಹುದು. ಎರಡು ಲ್ಯಾಪ್‌ಟಾಪ್‌ಗಳ ಮೇಲೆ ಒಂದೇ ಮುದ್ರೆ ಇದ್ದರೂ ಪರೀಕ್ಷೆಗಳು ಬೇರೆಬೇರೆ ಇರಬಹುದು.

ನಮಗೆ ಮುಖ್ಯವಾದದ್ದು ಮಳೆ. ಆ ದಾಖಲೆಯಲ್ಲಿ ಮಳೆಗೆ 506 ಎಂಬ ವಿಧಾನ ಇದೆ, ತೇವಕ್ಕೆ 507. ಸಾಮಾನ್ಯ ಬಿಸಿನೆಸ್ ಲ್ಯಾಪ್‌ಟಾಪ್‌ಗಳ ಪಟ್ಟಿ ನೋಡಿದರೆ ತೇವದ ಪರೀಕ್ಷೆ ಸಿಗುತ್ತದೆ, ಮಳೆಯದು ಸಾಮಾನ್ಯವಾಗಿ ಇರುವುದಿಲ್ಲ. ಜಗಲಿಯ ತೇವದ ಗಾಳಿಯನ್ನು ತಡೆದುಕೊಂಡೀತು, ಇರಚಲನ್ನು ಅಲ್ಲ. ಕೀಬೋರ್ಡ್ ಮೇಲೆ ಚಹಾ ಚೆಲ್ಲಿದರೆ ತಡೆಯುತ್ತದೆ ಎಂಬ ಮಾತಿಗೂ ಇಷ್ಟೇ ಅರ್ಥ: ತಕ್ಷಣ ಆಫ್ ಮಾಡಲು ಸ್ವಲ್ಪ ಸಮಯ ಸಿಗುತ್ತದೆ.

ನಿಜಕ್ಕೂ ಮಳೆಯಲ್ಲಿ ಇಡಬಹುದಾದ ಲ್ಯಾಪ್‌ಟಾಪ್‌ಗಳೂ ಇವೆ. ಪ್ಯಾನಸೋನಿಕ್ 1996ರಿಂದ ಟಫ್‌ಬುಕ್ ಮಾಡುತ್ತಿದೆ. ಇವುಗಳಿಗೆ ಐಪಿ ಅಂಕಿ ಇರುತ್ತದೆ, ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. ಟಫ್‌ಬುಕ್ 40ಕ್ಕೆ ಐಪಿ66 ಇದೆ, ನೀರಿನ ರಭಸದ ಧಾರೆಯನ್ನೂ ತಡೆಯುತ್ತದೆ. ಆದರೆ ತೂಕ 3 ಕೆಜಿ ದಾಟುತ್ತದೆ, ಬೆಲೆ ಕೆಲವು ಲಕ್ಷಗಳಲ್ಲಿ. ಗಣಿ, ಹೆದ್ದಾರಿ, ಸೈನ್ಯದ ಕೆಲಸಕ್ಕೆ ಸರಿ. ಲೆಕ್ಕದ ಪುಸ್ತಕವನ್ನು ಯಾರೂ ಮಳೆಯಲ್ಲಿ ಬಿಚ್ಚುವುದಿಲ್ಲ, ಅಲ್ವಾ? ನೀರು ತಗಲುವುದು ಬೈಕಿನ ಮೇಲೆ ಹೋಗುವಾಗ ಮಾತ್ರ. ಆಗ ಲ್ಯಾಪ್‌ಟಾಪ್ ಬ್ಯಾಗಿನೊಳಗೆ ಇರುತ್ತದೆ. ಬಾಯಿ ಮಡಚಿ ಕಟ್ಟುವ ನೀರು ಹೋಗದ ಚೀಲವೊಂದನ್ನು ಬ್ಯಾಗಿನ ಒಳಗೇ ಇಟ್ಟರೆ ಸಾಕು ಎಂದು ತೀರ್ಮಾನಿಸಿದೆವು. ಅಲ್ಲಿಗೆ ಟಫ್‌ಬುಕ್‌ನಂಥ ರಗಡ್ (ಒರಟು ಬಳಕೆಯ) ಸಾಲು ಪಟ್ಟಿಯಿಂದ ಹೋಯಿತು.

ಮುದ್ರೆಗಿಂತ ನಾನು ಹಿಂಜ್ ನೋಡುತ್ತೇನೆ. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಹಿಂಜಿನ ಸ್ಕ್ರೂ ಕೂರುವುದು ಪ್ಲಾಸ್ಟಿಕ್‌ನೊಳಗೆ ಹುದುಗಿಸಿದ ಸಣ್ಣ ಹಿತ್ತಾಳೆ ತುಂಡಿನಲ್ಲಿ. ಹಿಂಜ್ ಬಿಗಿಯಾಗುತ್ತಾ ಬಂದಂತೆ ಆ ಪ್ಲಾಸ್ಟಿಕ್ ಸೀಳುತ್ತದೆ. ನನ್ನ ಬಳಿ ಬರುವ ರಿಪೇರಿಗಳಲ್ಲಿ ಇದು ಬಹಳ ಮಾಮೂಲು. ಒಂದು ಮೂಲೆ ಹಿಡಿದು ಎತ್ತಿದಾಗ ದೇಹ ಬಾಗುತ್ತದೆಯೇ, ಸ್ಕ್ರೀನ್ ಪೂರ್ತಿ ಹಿಂದಕ್ಕೆ ಮಲಗುತ್ತದೆಯೇ, ತೆರೆಯುವಾಗ ಎಲ್ಲಾದರೂ ಕಿರುಗುಡುತ್ತದೆಯೇ ಎಂದು ಅಂಗಡಿಯಲ್ಲೇ ನೋಡಬಹುದು.

ಪೋರ್ಟ್, ಕೀಬೋರ್ಡ್, ಕರೆಂಟ್

ಲ್ಯಾಪ್‌ಟಾಪ್ ನೋಡಲು ಹೋಗುವಾಗ ಮೇಡಂ ಕೈಯಲ್ಲಿ ಡಿಎಸ್‌ಸಿ ಟೋಕನ್, ಒಂದು ಪೆನ್‌ಡ್ರೈವ್, ಪ್ರಿಂಟರ್ ಕೇಬಲ್ ಹಿಡಿಸಿದ್ದೆ. ಡಿಜಿಟಲ್ ಸಹಿಯ ಟೋಕನ್ ಇಲ್ಲದೆ ಅವರ ಕೆಲಸ ಮುಗಿಯುವುದಿಲ್ಲ. ಅದು ಹಳೆಯ ಚೌಕದ ಯುಎಸ್‌ಬಿಯದು (ಟೈಪ್-ಎ). ಸಂಘಗಳ ಪ್ರಿಂಟರ್‌ಗಳೂ ಹಾಗೇ. ಕೆಲವು ಕಡೆ ವೈಫೈ ಇಲ್ಲ, ನೆಟ್‌ವರ್ಕ್ ಕೇಬಲ್ ಮಾತ್ರ. ಬರೀ ಟೈಪ್-ಸಿ ಇರುವ ತೆಳು ಲ್ಯಾಪ್‌ಟಾಪ್ ಕೊಂಡರೆ ಜೊತೆಗೆ ಒಂದು ಹಬ್ ಬೇಕು, ಒಂದು ಪೋರ್ಟಿಗೆ ಸಿಕ್ಕಿಸಿ ಹಲವು ಪೋರ್ಟ್ ಮಾಡಿಕೊಳ್ಳುವಂಥದ್ದು. ಹಬ್ ಕಳೆದರೆ, ಕೈಕೊಟ್ಟರೆ ಅಂದಿನ ಕೆಲಸ ನಿಂತಂತೆ. ಬೇಕಾದ ತೂತುಗಳೆಲ್ಲ ಲ್ಯಾಪ್‌ಟಾಪ್‌ನಲ್ಲೇ ಇರಬೇಕು ಎಂದು ನಾನು ಹಟ ಹಿಡಿದೆ.

ಲೆಕ್ಕ ಬರೆಯುವ ಟ್ಯಾಲಿ ವಿಂಡೋಸ್‌ನ ಸಾಫ್ಟ್‌ವೇರ್. ಹಳೆಯ ನಡಾವಳಿಗಳು ನುಡಿ ಫಾಂಟಿನಲ್ಲಿವೆ. ಹಾಗಾಗಿ ಮ್ಯಾಕ್ ಬೇಡ ಎಂದಾಯಿತು. ಅಂಗಡಿಯವರು ಸ್ನ್ಯಾಪ್‌ಡ್ರ್ಯಾಗನ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್ ತೋರಿಸಿದರು, ಬ್ಯಾಟರಿ ತುಂಬಾ ಹೊತ್ತು ಬರುತ್ತದೆ ಎಂದು. ಅದು ನಿಜ, ಬ್ಯಾಟರಿಯಲ್ಲಿ ಅವು ಬಹಳ ಚೆನ್ನಾಗಿವೆ. ಆದರೆ ಇಂಟೆಲ್‌ಗೆ ಬರೆದ ಪ್ರೋಗ್ರಾಂಗಳನ್ನು ಅವು ಅನುಕರಣೆಯಿಂದ ಓಡಿಸುತ್ತವೆ, ಇಂಟೆಲ್‌ಗೆ ಬರೆದ ಡ್ರೈವರ್‌ಗಳನ್ನು (ಪ್ರಿಂಟರ್‌ನಂಥ ಸಾಧನ ನಡೆಸುವ ಸಾಫ್ಟ್‌ವೇರ್) ಓಡಿಸಲಾರವು. ಡ್ರೈವರ್ ಆ ಚಿಪ್ಪಿಗೆಂದೇ ಬೇರೆ ಬರಬೇಕು. ಹತ್ತು ವರ್ಷ ಹಳೆಯ ಪ್ರಿಂಟರ್‌ಗೆ ಅದನ್ನು ಯಾರು ಬರೆಯುತ್ತಾರೆ? ಹಳ್ಳಿಯ ಸಂಘದಲ್ಲಿ ಕೂತು ಪ್ರಿಂಟ್ ಬರದೇ ಇದ್ದರೆ 15 ಗಂಟೆ ಬ್ಯಾಟರಿ ಇದ್ದೂ ಉಪಯೋಗವಿಲ್ಲ.

ನಂಬರ್ ಪ್ಯಾಡ್ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಒಮ್ಮತ ಬರಲಿಲ್ಲ. ಲೆಕ್ಕದವರಿಗೆ ಬಲಗೈ ಅಂಕಿಗಳ ಮೇಲೆ ಕಣ್ಣುಮುಚ್ಚಿ ಓಡುತ್ತದೆ. 14 ಇಂಚಿನ ಲ್ಯಾಪ್‌ಟಾಪ್‌ನಲ್ಲಿ ಆ ಪ್ಯಾಡ್ ಇರುವುದಿಲ್ಲ. 15 ಅಥವಾ 16 ಇಂಚಿನದು ಬೇಕು ಎಂಬುದು ಅವರ ಮಾತು. ಬ್ಯಾಗಿನ ತೂಕ, ಬಸ್ಸಿನ ಸೀಟಿನ ಜಾಗ, ಬೈಕಿನ ಹಿಂದೆ ಕೂರುವುದು ಇವನ್ನೆಲ್ಲ ನೋಡಿದರೆ 14 ಇಂಚು ದಾಟಬಾರದು ಎಂಬುದು ನನ್ನದು. ಯುಎಸ್‌ಬಿ ನಂಬರ್ ಪ್ಯಾಡ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ತಂದು ಅವರ ಹಳೆಯ ಲ್ಯಾಪ್‌ಟಾಪ್‌ಗೇ ಹಾಕಿ ಕೊಟ್ಟೆ, ಒಂದು ವಾರ ಅದರಲ್ಲೇ ಕೆಲಸ ಮಾಡಿ ನೋಡಿ ಎಂದೆ. ವಾರ ಕಳೆದ ಮೇಲೆ ಅವರೇ ಒಪ್ಪಿದರು. ಎಡಗಡೆ ಪುಸ್ತಕ ಇಟ್ಟುಕೊಂಡು ಪ್ಯಾಡನ್ನು ಬೇಕಾದ ಕಡೆ ಸರಿಸಬಹುದು, ಅದೇ ಅವರಿಗೆ ಹಿಡಿಸಿತು.

ಕರೆಂಟ್ ಬಗ್ಗೆ ಜನರಿಗೆ ಇರುವ ಹೆದರಿಕೆ ಒಂದು, ನಿಜವಾದ ಅಪಾಯ ಇನ್ನೊಂದು. ವೋಲ್ಟೇಜ್ ಕಡಿಮೆಯಾದರೆ ಲ್ಯಾಪ್‌ಟಾಪ್ ಹಾಳು ಎಂದು ಹೆದರುತ್ತಾರೆ. ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. 160ಕ್ಕೆ ಇಳಿದರೂ ಅದು ಸುಮ್ನೆ ಕೆಲಸ ಮಾಡುತ್ತದೆ. ಅಪಾಯ ಇರುವುದು ಏರುವಾಗ. ಮರ ಬಿದ್ದು ನ್ಯೂಟ್ರಲ್ ತಂತಿ ಕಡಿದರೆ ಒಂಟಿ ಫೇಸಿನ ಸಾಕೆಟ್‌ಗೂ 400ರ ಹತ್ತಿರ ವೋಲ್ಟ್ ಬರಬಹುದು. ಏಪ್ರಿಲ್, ಮೇ ತಿಂಗಳ ಸಿಡಿಲು ಬೇರೆ. ಇನ್ನೊಂದು ತೊಂದರೆ ಅರ್ಥಿಂಗ್ ಇಲ್ಲದ ಸಾಕೆಟ್. ಲೋಹದ ದೇಹದ ಲ್ಯಾಪ್‌ಟಾಪ್ ಅಲ್ಲಿ ಚಾರ್ಜ್‌ಗೆ ಹಾಕಿದರೆ ಮುಂಗೈಗೆ ಜುಂ ಎನ್ನುತ್ತದೆ. ದಿನವಿಡೀ ಹಾಗೆ ಕೂರುವುದು ಹಿಂಸೆ. ಅಲ್ಯೂಮಿನಿಯಂ ದೇಹದ ಚಂದದ ಲ್ಯಾಪ್‌ಟಾಪ್ ಒಂದನ್ನು ಬಿಡಲು ಇದೂ ಒಂದು ಕಾರಣ.

ಆದ್ದರಿಂದ ಟೈಪ್-ಸಿ ಚಾರ್ಜಿಂಗ್ ಇರಲೇಬೇಕು ಎಂದು ಬರೆದುಕೊಂಡೆವು. ಅಡಾಪ್ಟರ್ ಸುಟ್ಟರೆ ತಾಲ್ಲೂಕಿನ ಮೊಬೈಲ್ ಅಂಗಡಿಯಲ್ಲಿ 65 ವ್ಯಾಟ್‌ನ ಪಿಡಿ (ಪವರ್ ಡೆಲಿವರಿ) ಟೈಪ್-ಸಿ ಚಾರ್ಜರ್ ಸಿಗುತ್ತದೆ. ಬೇರೆ ಪಿನ್ನಿನದಾದರೆ ಕೊರಿಯರ್ ಕಾಯಬೇಕು. ಟೈಪ್-ಸಿಯ ದೌರ್ಬಲ್ಯವೂ ಇದೆ. ಆ ಪೋರ್ಟ್ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಮದರ್‌ಬೋರ್ಡ್‌ಗೇ ಬೆಸೆದಿರುತ್ತದೆ. ಸಡಿಲವಾದರೆ ದೊಡ್ಡ ರಿಪೇರಿ. ಹಾಗಾಗಿ ಚಾರ್ಜ್ ಆಗುವ ಟೈಪ್-ಸಿ ಎರಡು ಇರಬೇಕು, ಒಂದು ಹೋದರೆ ಇನ್ನೊಂದರಲ್ಲಿ ದಿನ ದೂಡಬಹುದು.

ಕೊನೆಯ ಸುತ್ತು

ವಾರಂಟಿ ಸೇರಿ ಒಂದೂಕಾಲು ಲಕ್ಷ ದಾಟಬಾರದು ಎಂಬುದು ಲೆಕ್ಕ. ಕೊನೆಗೆ ಉಳಿದದ್ದು ಮೂರು ದಾರಿ.

ಮೊದಲನೆಯದು ಸೆಕೆಂಡ್‌ಹ್ಯಾಂಡ್ ಲೆನೊವೊ ಥಿಂಕ್‌ಪ್ಯಾಡ್ ಟಿ480. 2018ರದು, ಬೆಂಗಳೂರಿನ ಎಸ್‌ಪಿ ರೋಡಿನ ಕಂಪ್ಯೂಟರ್ ಮಾರುಕಟ್ಟೆಯಲ್ಲಿ ಈಗಲೂ ಸಿಗುತ್ತದೆ. ನನಗೆ ಬಹಳ ಇಷ್ಟದ ಲ್ಯಾಪ್‌ಟಾಪ್ ಇದು. ಒಳಗೊಂದು, ಹಿಂದೆ ಕಳಚುವಂಥ ಇನ್ನೊಂದು, ಹೀಗೆ ಎರಡು ಬ್ಯಾಟರಿ. ಲ್ಯಾಪ್‌ಟಾಪ್ ಆಫ್ ಮಾಡದೆ ಹಿಂದಿನದನ್ನು ಬದಲಿಸಬಹುದು. ರ‍್ಯಾಮ್‌ಗೆ ಎರಡು ಸ್ಲಾಟ್. ನೆಟ್‌ವರ್ಕ್, ಎಚ್‌ಡಿಎಂಐ, ಕಾರ್ಡ್ ರೀಡರ್ ಎಲ್ಲ ಇವೆ. ಬಜೆಟ್‌ನ ಮೂರನೇ ಒಂದು ಭಾಗವೂ ಬೇಕಿಲ್ಲ. ಆದರೆ ಏಳು ವರ್ಷ ಹಳೆಯ ಬ್ಯಾಟರಿ ಸವೆದಿರುತ್ತದೆ, ಮಾರುಕಟ್ಟೆಯಲ್ಲಿ ಸಿಗುವ ಹೊಸ ಬ್ಯಾಟರಿಗಳಲ್ಲಿ ನಕಲಿ ಜಾಸ್ತಿ. ಅದರ ಥಂಡರ್‌ಬೋಲ್ಟ್ ಫರ್ಮ್‌ವೇರ್‌ನಲ್ಲಿ, ಅಂದರೆ ಟೈಪ್-ಸಿ ಪೋರ್ಟ್ ನಡೆಸುವ ಒಳ ಸಾಫ್ಟ್‌ವೇರ್‌ನಲ್ಲಿ, ಒಂದು ದೋಷ ಇತ್ತು. ಅದಕ್ಕೆ 2019ರಲ್ಲಿ ಬಂದ ಅಪ್‌ಡೇಟ್ ಹಾಕದೇ ಇದ್ದರೆ ಟೈಪ್-ಸಿ ಪೋರ್ಟೇ ಕೈಕೊಡಬಹುದು. ಹಿಂದಿನ ಮಾಲೀಕರು ಹಾಕಿದ್ದಾರೋ ಇಲ್ಲವೋ ಪರೀಕ್ಷಿಸಬೇಕು. ಅಲ್ಲದೆ 8ನೇ ತಲೆಮಾರಿನ ಇಂಟೆಲ್ ವಿಂಡೋಸ್ 11ರ ಪಟ್ಟಿಯಲ್ಲಿ ಕಟ್ಟಕಡೆಯ ಮೆಟ್ಟಿಲು. ಒಬ್ಬರ ಹೊಟ್ಟೆಪಾಡಿನ ಏಕೈಕ ಲ್ಯಾಪ್‌ಟಾಪ್ ಆಗಿ ಅದನ್ನು ಕೊಡಿಸಲು ನನಗೆ ಮನಸ್ಸು ಬರಲಿಲ್ಲ.

ಎರಡನೆಯದು ಡೆಲ್ ಲ್ಯಾಟಿಟ್ಯೂಡ್ 5000 ಸರಣಿ. 2025ರ ಜನವರಿಯಲ್ಲಿ ಡೆಲ್ ಆ ಹೆಸರು ಕೈಬಿಟ್ಟು ಡೆಲ್ ಪ್ರೊ ಎಂದು ಕರೆಯತೊಡಗಿತು. ಅಂಗಡಿಗಳಲ್ಲಿ ಹಳೆಯ ಹೆಸರಿನವು ಇನ್ನೂ ಇದ್ದವು. ಗಟ್ಟಿ ಲ್ಯಾಪ್‌ಟಾಪ್, ರಿಪೇರಿ ಕೈಪಿಡಿ ಎಲ್ಲರಿಗೂ ತೆರೆದಿದೆ. ಮೂರನೆಯದು ಥಿಂಕ್‌ಪ್ಯಾಡ್ ಟಿ14ರ 5ನೇ ಆವೃತ್ತಿ, 2024ರದು. ಇದನ್ನು ರೂಪಿಸುವಾಗ ಲೆನೊವೊ ರಿಪೇರಿಯ ವಿಷಯದಲ್ಲಿ ಐಫಿಕ್ಸಿಟ್ ಜೊತೆ ಕೆಲಸ ಮಾಡಿತು, ಇದು ಸಾಧನಗಳನ್ನು ಬಿಚ್ಚಿ ನೋಡಿ ರಿಪೇರಿ ಮಾರ್ಗದರ್ಶಿ ಕೊಡುವ ಸಂಸ್ಥೆ. ರಿಪೇರಿ ಸುಲಭತೆಗೆ ಐಫಿಕ್ಸಿಟ್ ಇದಕ್ಕೆ 10ಕ್ಕೆ 9 ಅಂಕ ಕೊಟ್ಟಿದೆ. ರ‍್ಯಾಮ್ ಬೆಸೆದಿಲ್ಲ, ಎರಡು ಸ್ಲಾಟ್ ಇವೆ. ಬ್ಯಾಟರಿಯನ್ನು ನಾವೇ ಬದಲಿಸಬಹುದು. ಕೀಬೋರ್ಡ್ ಬದಲಿಸಲು ಇಡೀ ಲ್ಯಾಪ್‌ಟಾಪ್ ಬಿಚ್ಚಬೇಕಿಲ್ಲ. ಚೌಕದ ಯುಎಸ್‌ಬಿ ಎರಡು, ಟೈಪ್-ಸಿ ಎರಡು, ನೆಟ್‌ವರ್ಕ್ ಪೋರ್ಟ್ ಇದೆ. ಕೊರತೆ ಎಂದರೆ ಕಾರ್ಡ್ ರೀಡರ್ ಇಲ್ಲ, ಮೇಡಂಗೆ ಅದು ಬೇಕಿರಲಿಲ್ಲ.

ಈ ಎರಡರಲ್ಲಿ ಯಾವುದನ್ನು ಕೊಂಡಿದ್ದರೂ ನಡೆಯುತ್ತಿತ್ತು. ತೀರ್ಮಾನ ಆದದ್ದು ಸರ್ವಿಸ್ ವಿಚಾರಿಸಿದ ಮೇಲೆ. ಮನೆಗೇ ಬಂದು ಮಾರನೆಯ ಕೆಲಸದ ದಿನ ರಿಪೇರಿ ಎಂದು ಎಲ್ಲರ ಕರಪತ್ರದಲ್ಲೂ ಇರುತ್ತದೆ. ಆ ದಿನದ ಎಣಿಕೆ ಶುರುವಾಗುವುದು ಫೋನಿನಲ್ಲಿ ದೋಷ ಪತ್ತೆಯಾದ ಮೇಲೆ, ಅದೂ ಬಿಡಿಭಾಗ ಸಿಕ್ಕರೆ. ಪಿನ್‌ಕೋಡ್ ದೂರವಿದ್ದರೆ ದಿನಗಳು ಸೇರುತ್ತವೆ. ಕೊಳ್ಳುವ ಮೊದಲೇ ಫೋನ್ ಮಾಡಿ, ಶಿರಸಿಯ ಪಿನ್‌ಕೋಡ್ ಹೇಳಿ, ಇಲ್ಲಿಗೆ ಇಂಜಿನಿಯರ್ ಬರುತ್ತಾರೆಯೇ ಎಂದು ಕೇಳಿದೆವು. ಇಮೇಲ್‌ನಲ್ಲಿ ಉತ್ತರ ಕೊಡಿ ಎಂದೆವು. ಥಿಂಕ್‌ಪ್ಯಾಡ್ ಕಡೆಯಿಂದ ಬರಹದಲ್ಲಿ ಸ್ಪಷ್ಟ ಉತ್ತರ ಮೊದಲು ಬಂತು, ಅದನ್ನೇ ಕೊಂಡೆವು. ನಿಮ್ಮ ಊರಿಗೆ ಉತ್ತರ ಬೇರೆ ಬರಬಹುದು. ನೀವೇ ಕೇಳಬೇಕು.

ಮೂರು ವರ್ಷದ ಆನ್‌ಸೈಟ್ ವಾರಂಟಿ ತೆಗೆದುಕೊಂಡೆವು. ಬಿದ್ದರೆ, ನೀರು ಚೆಲ್ಲಿದರೆ ಆ ವಾರಂಟಿ ಬರುವುದಿಲ್ಲ, ಅದಕ್ಕೆ ಬೇರೆ ರಕ್ಷಣೆ ಕೊಳ್ಳಬೇಕು. ಅದನ್ನೂ ಕೊಂಡೆವು. ಹಣ ಸರಿದೂಗಿಸಲು 16 ಜಿಬಿ ರ‍್ಯಾಮ್‌ನದೇ ತೆಗೆದುಕೊಂಡೆವು, ಮುಂದೆ ಬೇಕಾದರೆ ಇನ್ನೊಂದು ಪಟ್ಟಿ ಹಾಕಿದರಾಯಿತು. ಬ್ಯಾಟರಿಯಲ್ಲಿ ಮಾತ್ರ ಉಳಿಸಲಿಲ್ಲ. ಚಿಕ್ಕದು 39.3 ವ್ಯಾಟ್‌ಅವರ್ (ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬುದರ ಅಳತೆ), ದೊಡ್ಡದು 52.5. ದೊಡ್ಡದನ್ನೇ ಆರಿಸಿದೆವು. ಸ್ಕ್ರೀನಿನ ಪ್ರಕಾಶ 400 ನಿಟ್ಸ್, ಹೊಳೆಯದ ಮೇಲ್ಮೈ. ಜಗಲಿಯ ಬೆಳಕಿಗೆ ಅಷ್ಟಾದರೂ ಬೇಕು.

ಮಾಹಿತಿಯ ಬಗ್ಗೆ ಒಂದು ಮಾತು. ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳೆದುಹೋದರೆ ನೂರಾರು ಸದಸ್ಯರ ಸಾಲ, ಠೇವಣಿಯ ವಿವರ ಯಾರದೋ ಕೈಗೆ ಹೋಗುತ್ತದೆ. ಅದಕ್ಕೇ ವಿಂಡೋಸ್ ಪ್ರೊ ಹಾಕಿಸಿ, ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಮಾಡಿದೆವು. ಇದರ ರಿಕವರಿ ಕೀ ಪ್ರಿಂಟ್ ತೆಗೆದು ಆಫೀಸಿನ ಬೀರುವಿನಲ್ಲಿ ಇಡಲೇಬೇಕು. ಮದರ್‌ಬೋರ್ಡ್ ಬದಲಿಸಿದರೆ ವಿಂಡೋಸ್ ಆ ಕೀ ಕೇಳುತ್ತದೆ. ಇಲ್ಲದಿದ್ದರೆ ರಿಪೇರಿ ಆದರೂ ಲೆಕ್ಕಗಳು ಬೀಗದೊಳಗೇ ಉಳಿಯುತ್ತವೆ. ಎಷ್ಟೋ ಜನ ಇದನ್ನು ಗಮನಿಸುವುದಿಲ್ಲ.

ಮಳೆಗಾಲದಲ್ಲಿ

ಜುಲೈನಲ್ಲಿ ಯಲ್ಲಾಪುರದ ಕಡೆಯ ಒಂದು ಸಂಘದಲ್ಲಿ ಹೆದರಿದ್ದೇ ಆಯಿತು. ಗಾಳಿಗೆ ಮರ ಬಿತ್ತು, ಬಲ್ಬು ಒಮ್ಮೆ ಝಗ್ ಎಂದು ಹೊತ್ತಿ ಆರಿತು. ಸಂಘದ ಟ್ಯೂಬ್‌ಲೈಟ್ ಚೋಕು, ಮೇಡಂ ಅಡಾಪ್ಟರ್ ಎರಡೂ ಸುಟ್ಟವು. ಲ್ಯಾಪ್‌ಟಾಪ್‌ಗೆ ಏನೂ ಆಗಲಿಲ್ಲ, ಪೆಟ್ಟು ಅಡಾಪ್ಟರ್‌ನಲ್ಲೇ ನಿಂತಿತು. ಬ್ಯಾಟರಿ ತುಂಬಿತ್ತು, ಸಂಜೆವರೆಗೆ ಅದರಲ್ಲೇ ಕೆಲಸ ಮುಗಿಸಿದರು. ವಾಪಸ್ ಬರುವಾಗ ಪೇಟೆಯಲ್ಲಿ ಇಳಿದು ಮೊಬೈಲ್ ಅಂಗಡಿಯಿಂದ 65 ವ್ಯಾಟ್ ಚಾರ್ಜರ್ ಕೊಂಡರು. ಮಾರನೆಯ ದಿನ ಅದೇ ಸಂಘಕ್ಕೆ ಹೋದರು. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇದೇ ಆಗಿದ್ದರೆ ಒಂದು ವಾರ ಹೋಗುತ್ತಿತ್ತು.

ಆಮೇಲೆ 20,000 ಎಂಎಎಚ್‌ನ ಒಂದು ಪವರ್‌ಬ್ಯಾಂಕ್ ಕೂಡ ಸೇರಿಸಿದೆವು, ಟೈಪ್-ಸಿಯಲ್ಲಿ 65 ವ್ಯಾಟ್ ಕೊಡುವಂಥದ್ದು. ಲೆಕ್ಕ ಹಾಕಿದರೆ ಅದು 74 ವ್ಯಾಟ್‌ಅವರ್. ವಿಮಾನದ ಕ್ಯಾಬಿನ್‌ನಲ್ಲಿ 100 ವ್ಯಾಟ್‌ಅವರ್‌ವರೆಗೆ ಒಯ್ಯಬಹುದು. ಚೆಕ್-ಇನ್ ಬ್ಯಾಗಿನಲ್ಲಿ ಮಾತ್ರ ಹಾಕಬಾರದು.

ತೊಂದರೆ ಇಲ್ಲ ಎಂದಲ್ಲ. ಬಿಡದೆ ಮಳೆ ಸುರಿದ ವಾರಗಳಲ್ಲಿ ಎರಡು ಕೀಗಳು ಅಂಟಿಕೊಂಡವು. ಒಣಗಿಸಿ, ಕ್ಲೀನ್ ಮಾಡಿದ ಮೇಲೆ ಸರಿಯಾದವು. ಎಸಿ ಬಸ್ಸಿನಿಂದ ಇಳಿದು ಕುಮಟಾದ ಸೆಕೆಗೆ ಹೋದಾಗ ತಣ್ಣಗಿನ ಲ್ಯಾಪ್‌ಟಾಪ್ ಮೇಲೆ ನೀರಿನ ಮಂಜು ಕೂರುತ್ತದೆ. ಅರ್ಧ ಗಂಟೆ ಬಿಟ್ಟು ಆನ್ ಮಾಡಿ ಎಂದು ಹೇಳಿದ್ದೇನೆ. ಆಫೀಸಿನಲ್ಲಿ ಇರುವಾಗ ಚಾರ್ಜ್ ಶೇ. 80ಕ್ಕೆ ನಿಲ್ಲುವ ಹಾಗೆ ಸೆಟ್ ಮಾಡಿದ್ದೇವೆ, ಬ್ಯಾಟರಿ ಬಾಳಿಕೆ ಬರಲಿ ಎಂದು. ಹಳ್ಳಿಗೆ ಹೊರಡುವ ಹಿಂದಿನ ರಾತ್ರಿ ಅದನ್ನು ತೆಗೆದು ಪೂರ್ತಿ ತುಂಬಿಸಿಕೊಳ್ಳುತ್ತಾರೆ.

ಆನ್‌ಸೈಟ್ ವಾರಂಟಿ ಬಳಸುವ ಸಂದರ್ಭ ಇನ್ನೂ ಬಂದಿಲ್ಲ. ಆದ್ದರಿಂದ ಆ ಇಮೇಲ್‌ನ ಮಾತು ಎಷ್ಟು ನಿಲ್ಲುತ್ತದೆ ಎಂಬುದು ನೋಡಬೇಕಿದೆ. ಈಗ ಮೇಡಂ ಅವರ ಸಹಾಯಕಿಗೆ ಇನ್ನೊಂದು ಹುಡುಕುತ್ತಿದ್ದೇವೆ. ಅವರದು ಆಫೀಸಿನಲ್ಲೇ ಕೂರುವ ಕೆಲಸ, ಓಡಾಟ ಇಲ್ಲ, ನಂಬರ್ ಪ್ಯಾಡ್ ಬೇಕು. ಅದಕ್ಕೆ ಹೊಸದು ಬೇಡ, ದೊಡ್ಡ ಸ್ಕ್ರೀನಿನ ಸೆಕೆಂಡ್‌ಹ್ಯಾಂಡ್ ಬಿಸಿನೆಸ್ ಲ್ಯಾಪ್‌ಟಾಪ್ ಸಾಕು ಎಂದಿದ್ದೇನೆ. ಎಸ್‌ಪಿ ರೋಡಿಗೆ ಹೋದಾಗ ಬಯೋಸ್‌ಗೆ (ಲ್ಯಾಪ್‌ಟಾಪ್ ಶುರುವಾಗುವಾಗಿನ ಮೂಲ ಸೆಟ್ಟಿಂಗ್) ಪಾಸ್‌ವರ್ಡ್ ಹಾಕಿ ಬೀಗ ಬಿದ್ದಿದೆಯೇ, ಇಂಟರ್ನೆಟ್‌ಗೆ ಜೋಡಿಸಿದ ಕೂಡಲೇ ಹಿಂದೆ ಬಳಸಿದ ಯಾವುದಾದರೂ ಕಂಪನಿಯ ಲಾಗಿನ್ ಪರದೆ ಬರುತ್ತದೆಯೇ, ಬ್ಯಾಟರಿ ವರದಿಯಲ್ಲಿ ಮೂಲ ಸಾಮರ್ಥ್ಯದ ಎಷ್ಟು ಪಾಲು ಉಳಿದಿದೆ ಎಂಬ ಮೂರನ್ನು ಅಲ್ಲೇ ನಿಂತು ನೋಡಿ, ಆಮೇಲೆ ದುಡ್ಡು ಕೊಡುವುದು.